ದೇವೊಲ್ ದೇವರ ಮುಂದೆ ಅರೆದದ್ದು

ಕಳುತರ
26 ಏಪ್ರಿಲ್ 1998

ಮುದ್ದಿನ ಮಗಳು ಇರೋಷಾಗೆ,

ಅಮ್ಮನ ಆಶೀರ್ವಾದ. ಹೊಸ ವರ್ಷದ ಹಬ್ಬಕ್ಕೆ ನೀನು ಕುವೈತಿನಿಂದ ಕಳಿಸಿದ ಸೀರೆ, ಸೋಪು ಎಲ್ಲ ಬಂತು. ಬಂದು ಇಷ್ಟು ದಿನವಾದರೂ ಅಮ್ಮ ಒಂದು ಸಾಲು ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗೆಲ್ಲ ಹಾಳೆ ಹರಿದು ಒಲೆಗೆ ಹಾಕುತ್ತಿದ್ದೆ. ಶುಕ್ರವಾರ ನೀನು ಫೋನ್ ಮಾಡಿದಾಗ ಹೇಳಿಬಿಡೋಣವೆಂದರೆ ನಿನ್ನ ಗಂಡ ಲಸಂತ ಇಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದ.

ಹಬ್ಬದ ರಜೆಗೆ ಎಲ್ಲರೂ ಲಸಂತನ ವ್ಯಾನಿನಲ್ಲಿ ದಕ್ಷಿಣದ ಕರಾವಳಿಗೆ ಹೋಗಿಬಂದೆವು. ನಿನ್ನ ತಮ್ಮ ಸಮಿತ ಸತ್ತು ವರ್ಷ ತುಂಬಿಲ್ಲ, ನನಗೆಂಥ ಪ್ರವಾಸ? ಆದರೆ ನಿನ್ನ ಸೋದರಮಾವ ಪಿಯದಾಸ ಬಿಡಬೇಕಲ್ಲ. "ಅಕ್ಕಾ, ನೀನು ಹೀಗೆ ಗೋಡೆ ನೋಡ್ಕೊಂಡು ಕೂತ್ರೆ ಹೋದೋನು ಎದ್ದು ಬರ್ತಾನಾ? ಸಮುದ್ರದ ಗಾಳಿ ಕುಡಿ, ಬಾ" ಅಂತ ಎಳೆದುಕೊಂಡೇ ಹೋದ. ನಾನು ಒಪ್ಪಿದ್ದು ಗಾಳಿಗಲ್ಲ. ದಾರಿಯಲ್ಲಿ ದೇವೊಲ್ ದೇವರ ಗುಡಿ ಸಿಗುತ್ತದೆ; ಅಲ್ಲಿ ಮೆಣಸು ಅರೆದು ಶಾಪ ಹಾಕಿದರೆ ತಪ್ಪು ಮಾಡಿದವನಿಗೆ ತಟ್ಟದೆ ಬಿಡುವುದಿಲ್ಲ. ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ ನನ್ನ ಮಗನನ್ನು ಗುದ್ದಿ, ರಸ್ತೆಯಲ್ಲೇ ಬಿಟ್ಟು ಓಡಿದವನನ್ನು ಪೊಲೀಸರಂತೂ ಹಿಡಿಯಲಿಲ್ಲ. ದೇವರಾದರೂ ಹಿಡಿಯಲಿ ಅಂತ ಸೆರಗಿನಲ್ಲಿ ಒಣಮೆಣಸಿನಕಾಯಿ, ಕಾಳುಮೆಣಸು ಕಟ್ಟಿಕೊಂಡೇ ಹೊರಟೆ.

ವ್ಯಾನಿನಲ್ಲಿ ಬರೀ ಗದ್ದಲ. ಪಿಯದಾಸ ತಮಟೆ ಬಡಿಯುತ್ತಾ ಬೈಲಾ ಕುಣಿತದ ಹಾಡು ಹಾಡುತ್ತಿದ್ದ. ನಿನ್ನ ಮಗಳು ಸೆನುಲಿ ತೊಡೆಯ ಮೇಲೆ ಕುಣಿದು ನನ್ನ ಮೈಮೇಲೆಲ್ಲ ಹಬ್ಬಕ್ಕೆ ಕರಿದ ಕೊಕ್ಕಿಸಿನ ಪುಡಿ ಉದುರಿಸಿದಳು. ಗುಡಿ ಹತ್ತಿರ ಬಂತು. ಅಲ್ಲಿ ಹುಂಡಿಗೆ ಕಾಸು ಹಾಕದೆ ಯಾವ ಡ್ರೈವರನೂ ಮುಂದೆ ಹೋಗುವುದಿಲ್ಲ, ನಿನಗೇ ಗೊತ್ತು. ಲಸಂತ ಮಾತ್ರ ಇನ್ನೂ ಜೋರಾಗಿ ಓಡಿಸಿದ. "ಏ ಅಳಿಯ, ದೇವರ ಹತ್ರಾನೂ ಜಿಪುಣತನಾನಾ? ನಿಲ್ಸೋ!" ಎಂದು ಪಿಯದಾಸ ಅರಚಿದ ಮೇಲೆ ನಿಲ್ಲಿಸಿದ. ಕೆಳಗಿಳಿಯಲಿಲ್ಲ.

ದೋಣಿ ಹತ್ತಿ, ಅರೆಯುವ ಕಲ್ಲಿರುವ ಎದುರಿನ ನಡುಗಡ್ಡೆಯ ಗುಡಿಗೆ ನಾನೊಬ್ಬಳೇ ಹೋದೆ. "ಯಾರ ಹೆಸರಲ್ಲಮ್ಮ?" ಎಂದು ಪೂಜಾರಿ ಕೇಳಿದ. "ಹೆಸರು ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಎಂದೆ. "ಯೋಚ್ನೆ ಮಾಡಿ ಅರೀರಿ. ಅರೆದದ್ದು ಅರೆದದ್ದೇ" ಎನ್ನುತ್ತಾ ಕಲ್ಲು ತೋರಿಸಿದ. ಅರೆದೆ. ಕಣ್ಣು, ಮೂಗು, ಗಂಟಲು ಎಲ್ಲ ಉರಿಯಿತು. ಹೊಟ್ಟೆಯ ಉರಿಯ ಮುಂದೆ ಅದೇನು ಮಹಾ.

ಸಂಜೆ ಮಿರಿಸ್ಸದ ದಂಡೆಯಲ್ಲಿ ಉಳಿದವರೆಲ್ಲ ನೀರಿಗಿಳಿದಾಗ ಲಸಂತ ಬಂದು ಪಕ್ಕದಲ್ಲಿ ಕುಳಿತ.

"ಅತ್ತೆ, ಅಲ್ಲಿ ಏನಂತ ಕೇಳ್ಕೊಂಡ್ರಿ?"

"ನ್ಯಾಯ ಕೇಳ್ದೆ. ನಿಂಗ್ಯಾಕೆ?"

ಅವನು ಮರಳಿಗೆ ಹಣೆ ಹಚ್ಚಿ ನನ್ನ ಕಾಲು ಹಿಡಿದುಕೊಂಡ. "ನಾನೇ, ಅತ್ತೆ. ಮಳೆ ಬರ್ತಿತ್ತು. ನಾಯಿ ಅಂದ್ಕೊಂಡೆ. ಇಳಿದು ನೋಡಕ್ಕೆ ಧೈರ್ಯ ಬರ್ಲಿಲ್ಲ. ಮನೆಗೆ ಬಂದ್ಮೇಲೆ ಗೊತ್ತಾಯ್ತು..."

ಸಮಿತನ ಶವಪೆಟ್ಟಿಗೆಗೆ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಅವನೇ ಅಲ್ಲವೇ, ಇರೋಷಾ! ನಾನು ಬೈಯಲಿಲ್ಲ, ಹೊಡೆಯಲೂ ಇಲ್ಲ. ನೀರಿನಲ್ಲಿ ಆಡುತ್ತಿದ್ದ ಸೆನುಲಿಯ ಹತ್ತಿರ ಓಡಿಹೋಗಿ ಬಾಚಿ ಎತ್ತಿಕೊಂಡು ದಂಡೆಗೆ ತಂದೆ. ಅವಳು ಅತ್ತಳು, ಒದ್ದಳು. ಪಿಯದಾಸ "ಅಕ್ಕಂಗೆ ತಲೆ ಕೆಟ್ಟಿದೆ" ಎಂದ.

ಲಸಂತನನ್ನು ಪೊಲೀಸರಿಗೆ ಒಪ್ಪಿಸಬೇಕೋ ಬೇಡವೋ ನೀನೇ ಹೇಳು. ಅವನು ನಿನ್ನ ಗಂಡ, ಸತ್ತವನು ನಿನ್ನ ತಮ್ಮ. ಅವನಿಗೆ ದಿನಾ ಅನ್ನ ಬಡಿಸುತ್ತೇನೆ, ಮುಖ ನೋಡುವುದಿಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧ, ಧರ್ಮ, ಸಂಘಗಳ ನೆರಳು ನಿನ್ನ ತಲೆಯ ಮೇಲಿರಲಿ.

ನಿನ್ನ ಅಮ್ಮ,
ಗುಣಸೀಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನ್ಯಾಯ ಕೇಳಿದೆ ಅಂತ ಲಸಂತನಿಗೆ ಅಂದೆನಲ್ಲ, ಅದು ಸುಳ್ಳು. "ನನ್ನ ಮಗು ಹೋದ ಹಾಗೇ ಅವನ ಮಗೂನೂ ಹೋಗ್ಲಿ" ಅಂತ ಹೇಳುತ್ತಾ ಅರೆದೆ, ಮಗಳೇ. ಮಾರನೆಯ ದಿನ ಮತ್ತೆ ಗುಡಿಗೆ ಹೋಗಿ, ಶಾಪ ಹಿಂದಕ್ಕೆ ತಗೋ ಅಂತ ಬಿದ್ದು ಬೇಡಿಕೊಂಡೆ. ದೇವರು ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಸೆನುಲಿಯನ್ನು ಶಾಲೆಗೆ ಕಳಿಸುತ್ತಿಲ್ಲ, ಅಂಗಳ ದಾಟಲು ಬಿಡುತ್ತಿಲ್ಲ. ನಿದ್ದೆಯಲ್ಲೂ ಅವಳ ಕೈ ಬಿಡುವುದಿಲ್ಲ. ಬೇಗ ಬಾ. ನಾನೊಬ್ಬಳೇ ಎಷ್ಟು ದಿನ ಅಂತ ಹಿಡಿದುಕೊಂಡಿರಲಿ?