ಟೇಪು ಸರಿಯಾಗೇ ಇದೆ

ರೀ,

ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀರಿ ಅಂತ ಎಬ್ಬಿಸಲಿಲ್ಲ. ಅಂಗಡಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ. ಕುಡಿದ ಮೇಲೆ ಪಾತ್ರೆಗೆ ನೀರು ಹಾಕಿಡಿ, ಈ ಸಲವಾದ್ರೂ.

ನಿನ್ನೆ ಸುಮ್ಮಸುಮ್ಮನೆ ನಿಮ್ಮ ಮೇಲೆ ಹರಿಹಾಯ್ದೆ. ಪ್ಯಾಂಟಿನ ಜೇಬಲ್ಲಿದ್ದ ನನ್ನ ಟೇಪನ್ನ ಬಿಸಿನೀರಲ್ಲಿ ಒಗೆದು ಕುಗ್ಗಿಸಿಬಿಟ್ರಿ, ಅದಕ್ಕೇ ನನ್ನ ಸೊಂಟ ಎರಡಿಂಚು ಜಾಸ್ತಿ ತೋರಿಸ್ತಿದೆ ಅಂದೆ. ಬೆಳಿಗ್ಗೆ ಮರದ ಸ್ಕೇಲಿನ ಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಕಣ್ರೀ.

ಬಸುರಿಯರ ಬಟ್ಟೆಗೆ ಎಷ್ಟು ಸಡಿಲ ಬಿಡಬೇಕು ಅಂತ ನನಗೆ ಬಾಯಿಪಾಠ. ನನ್ನ ಹೊಟ್ಟೆ ಬೆಳೀತಿರೋದು ಮಾತ್ರ ನನಗೇ ಗೊತ್ತಾಗಲಿಲ್ಲ ನೋಡಿ!

ಹೋದ ಸಲ ಒಂಬತ್ತನೇ ವಾರ ದಾಟಲಿಲ್ಲ. ಇವತ್ತಿಗೆ ನಾಲ್ಕನೇ ತಿಂಗಳಿಗೆ ಬಿತ್ತು.

ಇನ್ನು ಮುಚ್ಚಿಡೋದು ಬೇಡ, ಎದ್ದ ಮೇಲೆ ಅತ್ತೆಗೆ ಫೋನ್ ಮಾಡಿ ಹೇಳಿಬಿಡಿ. ನೀವೇ ಹೇಳಿ. ನಾನು ಹೇಳೋಕೆ ಹೋದ್ರೆ ಇಬ್ಬರೂ ಅಳ್ತಾ ಕೂರ್ತೀವಿ.

ಟೇಪು ನಿಮ್ಮ ದಿಂಬಿನ ಪಕ್ಕ ಇದೆ. ಅಂಗಡೀಲಿ ಹಳೇದರಲ್ಲೇ ಸುಧಾರಿಸ್ತೀನಿ. ಬೀದಿಯವರನ್ನೆಲ್ಲ ಅಳೆದವಳು ನಾನು. ಇವತ್ತು ನನ್ನನ್ನೇ ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ಯಾವುದನ್ನೂ ಬರೆದಿಟ್ಟಿಲ್ಲ.

ಸಂಜೆ ಬರ್ತೀನಿ. ನೀವೇ ಅಳೀರಿ.