ಹದಿನಾರು ತುಂಬುವವರೆಗೆ

ಅಪ್ಪಾ,

ನಿಮ್ಮ ಕರಾಟೆ ಕ್ಲಾಸನ್ನು ಈಗ ನಾನೇ ನಡೆಸುತ್ತಿದ್ದೇನೆ. ಇವತ್ತು ಬೆಲ್ಟ್ ಪರೀಕ್ಷೆ ಇತ್ತು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಒಂದು ಹೆಜ್ಜೆಯನ್ನೂ ತಪ್ಪಾಗಿ ಇಡಲಿಲ್ಲ. ಆದರೆ ನೀವು ಗೋಡೆಯ ಮೇಲೆ ಬರೆಸಿದ ನಿಯಮವನ್ನು ನಾನು ಅಳಿಸಿಲ್ಲ: ಹದಿನಾರು ತುಂಬದವರಿಗೆ ಪೂರ್ತಿ ಕಪ್ಪು ಬೆಲ್ಟ್ ಇಲ್ಲ. ಅವಳ ಸೊಂಟಕ್ಕೆ ಅರ್ಧ ಕೆಂಪು, ಅರ್ಧ ಕಪ್ಪಿನ ಮಕ್ಕಳ ಬೆಲ್ಟ್ ಕಟ್ಟಿದೆ. ಮುಖ ಸಣ್ಣಗೆ ಮಾಡಿಕೊಂಡಳು.

"ಬೆಲ್ಟ್ ಎಲ್ಲೂ ಓಡಿಹೋಗಲ್ಲ, ಪುಟ್ಟಿ" ಎಂದೆ. ನಿಮ್ಮದೇ ಮಾತು. ನನ್ನ ಬಾಯಲ್ಲಿ ಅಷ್ಟು ಮೆತ್ತಗೆ ಬರಲಿಲ್ಲ.

ನೀವು ಅದನ್ನು ಹೇಳಿದಾಗ ನನಗೆ ಹದಿಮೂರು. ಮೂಗಿನ ತುದಿಯಲ್ಲೇ ಕೋಪ. ಹಿಂದಿನ ಬೀದಿಯ ಕ್ಲಾಸಿಗೆ ಸೇರಿ, ಮೂರೇ ತಿಂಗಳಲ್ಲಿ ಕಪ್ಪು ಬೆಲ್ಟ್ ಕಟ್ಟಿಕೊಂಡು ಬಂದು ನಿಮ್ಮೆದುರು ನಿಂತಿದ್ದೆ. ನೀವು ಬಯ್ಯಲಿಲ್ಲ. ಮಂಡಿಯೂರಿ, ಸಡಿಲವಾಗಿದ್ದ ಗಂಟು ಬಿಚ್ಚಿ, ಸರಿಯಾಗಿ ಕಟ್ಟಿ, ಒಳಗೆ ಹೋದಿರಿ. ನನಗೆ ಹದಿನಾರು ತುಂಬುವ ಹೊತ್ತಿಗೆ ನೀವಿರಲಿಲ್ಲ.

ಹುಡುಗಿ ಮೂಗೊರೆಸಿಕೊಂಡು ಕೇಳಿದಳು, "ಮಿಸ್, ನಿಮಗೆ ಎಷ್ಟನೇ ವಯಸ್ಸಿಗೆ ಸಿಕ್ತು?"

"ಹದಿನಾರಕ್ಕೆ" ಎಂದೆ. "ನಮ್ಮಪ್ಪನೇ ಕಟ್ಟಿದ್ರು."