ಹೊರೆ ಹೊತ್ತವರನ್ನು ನೀರಿನ ಅಂಚಿಗೆ ಕಳಿಸಿದ ಬಿಳಿ ಗೆರೆ

ಕಾಲುವೆ ನೋಡಿಕೊಳ್ಳುವ ಕಚೇರಿಯ ಹಿರಿಯ ಇಂಜಿನಿಯರರಿಗೆ,

ಮಾನ್ಯರೇ,

ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳಲ್ಲಿ ತಪ್ಪುಗಳಿರಬಹುದು. ನಾನು ಓದಿದ್ದು ಐದನೇ ತರಗತಿಯವರೆಗೆ ಮಾತ್ರ, ಅದಕ್ಕೆ ಕ್ಷಮೆ ಇರಲಿ. ಕಾಲುವೆ ಏರಿಯ ಮೇಲೆ ನಿಮ್ಮ ಕಚೇರಿ ಎಳೆಸಿದ ಬಿಳಿ ಗೆರೆ ಮಾತ್ರ ಬಹಳ ನೆಟ್ಟಗಿದೆ, ಕರೂರಿನಿಂದ ತೂಬಿನವರೆಗೆ ಒಂದು ಕಡೆಯೂ ಸೊಟ್ಟಗಿಲ್ಲ. ಆದರೆ ಆ ಗೆರೆ ತಪ್ಪು. ಅದನ್ನು ನಂಬಿ ನಡೆದ ನನ್ನ ದೊಡ್ಡವ್ವ ಜಂಬಮ್ಮ ಕಳೆದ ಜನವರಿಯಲ್ಲಿ ಕಾಲುವೆಗೆ ಬಿದ್ದು ಸತ್ತಳು. ನಿಮ್ಮ ವರದಿಯಲ್ಲಿ ತಪ್ಪು ಅವಳದೆಂದು ಬರೆದಿದೆ. ಇನ್ನು ಕೆಲವೇ ವಾರಗಳಲ್ಲಿ ಮತ್ತೆ ನೀರು ಬಿಡುತ್ತೀರಿ, ನಾವು ಮತ್ತೆ ಅದೇ ಏರಿಯ ಮೇಲೆ ಸಸಿ ಹೊರುತ್ತೇವೆ. ಅಷ್ಟರೊಳಗೆ ಇದನ್ನು ಹೇಳಬೇಕು.

ಏರಿಯನ್ನು ನೀವು ನಕ್ಷೆಯಲ್ಲಿ ನೋಡಿರುತ್ತೀರಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರೂರಿನಿಂದ ಗದ್ದೆಗೆ ಹೋಗುವಾಗ ಬಲಕ್ಕೆ ನೀರು, ಎಡಕ್ಕೆ ಹೊಲದ ಕಡೆಗೆ ಇಳಿಯುವ ಹುಲ್ಲು, ನಡುವೆ ಹಾದಿ. ನಾಟಿ ಹಚ್ಚುವ ಹೆಂಗಸರು, ಸೈಕಲ್ಲಿನವರು, ಕುರಿಯವರು ಎಲ್ಲರಿಗೂ ಅದೊಂದೇ ಹಾದಿ. ಕೆಂಚನಗುಡ್ಡದ ಪಕ್ಕೀರಪ್ಪ ತಾತನಿಗೂ ಅದೇ. ಅವನು ಹರಿಗೋಲಿನಲ್ಲಿ ಜನರನ್ನು ಆಚೆ ದಂಡೆಗೆ ದಾಟಿಸುತ್ತಿದ್ದ. ನೀರಿನ ಸೆಳವಿಗೆ ಹರಿಗೋಲು ಕೆಳಗೆ ಹೋಗಿ ದಡ ಮುಟ್ಟುತ್ತದೆ. ಅದನ್ನು ಮತ್ತೆ ಮೇಲಕ್ಕೆ ತರಲು ಅವನು ಹಗ್ಗ ಹಿಡಿದು ಏರಿಯ ಮೇಲೆ ಎಳೆಯುತ್ತಾ ನಡೆಯಬೇಕು. ಆಗ ಸೈಕಲ್ಲಿನವರು ಇಳಿದು, ಸೈಕಲ್ ಎತ್ತಿ ಹಗ್ಗ ದಾಟುತ್ತಿದ್ದರು. ಯಾರೂ ಬೋರ್ಡ್ ಹಾಕಿರಲಿಲ್ಲ.

ನಡೆಯುವುದಕ್ಕೂ ಒಂದು ಪದ್ಧತಿ ಇತ್ತು. ಹೊರೆ ಹೊತ್ತವರು ಹುಲ್ಲಿನ ಅಂಚಿಗೆ, ಬರಿಗೈಯವರು ನೀರಿನ ಅಂಚಿಗೆ, ಗಾಲಿ ನಡುವೆ. ಇದಕ್ಕೆ ಕಾರಣ ಇದೆ. ಸಸಿಯ ಕಟ್ಟು ಒದ್ದೆಯಾಗಿರುತ್ತದೆ, ಕೆಸರುನೀರು ಹಣೆಯಿಂದ ಕಣ್ಣಿಗೆ ಇಳಿಯುತ್ತಿರುತ್ತದೆ, ಕತ್ತು ತಿರುಗಿಸಲು ಬರುವುದಿಲ್ಲ. ಹೊರೆಯವಳು ನೋಡಿ ನಡೆಯುವುದಿಲ್ಲ, ಕೇಳಿ ನಡೆಯುತ್ತಾಳೆ. ಸಾಲಿನ ಕೊನೆಯಲ್ಲಿ ಬುತ್ತಿ ಹೊತ್ತವಳು ಒಬ್ಬಳಿರುತ್ತಾಳೆ. ಹಿಂದಿನಿಂದ ಏನಾದರೂ ಬಂದರೆ "ಗಾಲಿ ಬಂತು" ಎಂದು ಕೂಗುವುದು ಅವಳ ಕೆಲಸ. ಕೂಗು ಕೇಳಿದರೆ ಉಳಿದವರು ತಿರುಗಿ ನೋಡದೆ ಅಂಚಿನಾಚೆ ಒಂದು ಹೆಜ್ಜೆ ಇಡುತ್ತಾರೆ. ಅಲ್ಲಿ ಹುಲ್ಲು ಇರುತ್ತದೆ. ಜಾರಿದರೆ ಕುಂಡಿ ಊರಿ ಕೂರುತ್ತಾರೆ, ಉಳಿದವರು ನಗುತ್ತಾರೆ. ದೊಡ್ಡವ್ವ ಮೂವತ್ತು ವರ್ಷ ಹೀಗೆ ನಡೆದಿದ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ನೀವು ಕಾಲುವೆಯ ಒಳಮೈಗೆ ಕಾಂಕ್ರೀಟು ಹಾಕಿಸಿದಿರಿ. ಏರಿಗೆ ಡಾಂಬರು ಬಂತು. ತಿರುವಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೆಟ್ಟಿಲುಗಳಿದ್ದವು, ಅವನ್ನು ಕಿತ್ತು ಗೋಡೆಯಂತೆ ನುಣುಪು ಮಾಡಿದಿರಿ. ಆಮೇಲೆ ಹಾದಿಯನ್ನು ಇಬ್ಭಾಗ ಮಾಡಿ ಬಿಳಿ ಗೆರೆ ಎಳೆದು, ಹೊಲದ ಕಡೆಗೆ ಸೈಕಲ್ಲಿನ ಚಿತ್ರ, ನೀರಿನ ಕಡೆಗೆ ನಡೆಯುವ ಮನುಷ್ಯನ ಚಿತ್ರ ಬರೆಸಿದಿರಿ. ಯಾಕೆ ಹೀಗೆ ಎಂದು ಬಣ್ಣ ಹಚ್ಚುವವನನ್ನು ಕೇಳಿದ್ದಕ್ಕೆ, "ನೀರು ನೋಡ್ಕೊಂತ ವಾಕಿಂಗ್ ಮಾಡಾಕ ಚೆಂದ ಇರತೈತಂತ ಸಾಹೇಬ್ರು ಹೇಳ್ಯಾರ" ಎಂದ. ನೀರು ನೋಡಲು ಚೆಂದವೇ, ಸ್ವಾಮಿ. ಆದರೆ ತಲೆಯ ಮೇಲೆ ಸಸಿಯ ಕಟ್ಟು ಇದ್ದಾಗ ನೀರನ್ನು ನೋಡಿದವರು ಯಾರಾದರೂ ನಿಮ್ಮ ಕಚೇರಿಯಲ್ಲಿದ್ದಾರೆಯೇ?

ಕೊನೆಗೆ ಬೋರ್ಡ್ ಬಂತು. ದೋಣಿ ಹಾಕುವುದು, ದನಕರು ಹೊಡೆಯುವುದು, ಭಾರ ಹೊತ್ತು ನಡೆಯುವುದು ನಿಷೇಧ. ಅಂದರೆ ಬರಿಗೈಯಲ್ಲಿ ನಡೆದರೆ ಅದು ವಾಕಿಂಗ್, ಹೊರೆ ಹೊತ್ತು ನಡೆದರೆ ಅಪರಾಧ. ಅದೇ ವಾರ ಪಕ್ಕೀರಪ್ಪ ತಾತನ ಹರಿಗೋಲನ್ನು ನಿಮ್ಮವರು ಟ್ರ್ಯಾಕ್ಟರಿನಲ್ಲಿ ಹೊತ್ತುಕೊಂಡು ಹೋದರು. ಈಗ ಅದು ನಿಮ್ಮ ಕಚೇರಿಯ ಹಿತ್ತಲಲ್ಲಿ ಬೋರಲಾಗಿ ಬಿದ್ದಿದೆ. ಅದರ ಕೆಳಗೆ ಕೋಳಿ ಮರಿ ಮಾಡಿದೆ, ನಾನೇ ನೋಡಿದ್ದೇನೆ.

ಆ ದಿನ ಭಾನುವಾರ. ಹನ್ನೊಂದು ಜನ ಸಾಲಾಗಿ ಹೋಗುತ್ತಿದ್ದೆವು, ದೊಡ್ಡವ್ವ ಮುಂದೆ, ನಾನು ಬುತ್ತಿ ಹೊತ್ತು ಕೊನೆಯಲ್ಲಿ. ಹೊರೆಯವರು ಹುಲ್ಲಿನ ಕಡೆಗೇ ಹೊರಟಿದ್ದರು. ಹಿಂದಿನ ವಾರ ಸೈಕಲ್ಲಿನ ಕಡೆ ನಡೆದದ್ದಕ್ಕೆ ನಿಮ್ಮ ಕಾವಲಿನವನು ಬೈದಿದ್ದನ್ನು ನೆನಪಿಸಿ ದೊಡ್ಡವ್ವನೇ ಎಲ್ಲರನ್ನೂ ಚಿತ್ರದ ಮನುಷ್ಯನ ಕಡೆಗೆ ಕರೆದಳು. "ಸರ್ಕಾರದವ್ರು ಗೊಂಬಿ ಬರ್ದಾರ, ಅದರ ಹಿಂದ ನಡೀರಿ. ಇಲ್ಲಾಂದ್ರ ಮತ್ತ ಬೈಸ್ಕೊಬೇಕು" ಎಂದಳು. ನಿಮ್ಮ ಗೆರೆಗೆ ಅಷ್ಟು ಮರ್ಯಾದೆ ಕೊಟ್ಟವಳು ಅವಳು.

ಬಳ್ಳಾರಿಯಿಂದ ಐದಾರು ಸೈಕಲ್ಲುಗಳು ಬಂದವು. ಹೆಲ್ಮೆಟ್ಟು, ಬಣ್ಣಬಣ್ಣದ ಅಂಗಿ. ನಾನು ತಿರುಗಿ ನೋಡಿದೆ. ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಹೊಸಬರ ಎದುರು ನನಗೆ ದನಿ ಏಳುವುದಿಲ್ಲ. ದೊಡ್ಡವ್ವ ಅದಕ್ಕೇ ನನ್ನನ್ನು ಕೊನೆಗೆ ನಿಲ್ಲಿಸುತ್ತಿದ್ದಳು. "ಕೂಗಿ ಕೂಗಿ ಬಾಯಿ ಬರ್ಲಿ ಲೇ ನಿನಗ. ಇಲ್ಲಾಂದ್ರ ಗಂಡನ ಮನ್ಯಾಗ ಉಪ್ಪು ಕೇಳಾಕೂ ನಾನಾ ಬರಬೇಕಾಗತೈತಿ" ಎನ್ನುತ್ತಿದ್ದಳು. ಅವತ್ತು ನಾನು ಕೂಗಲಿಲ್ಲ. ಅವರು ತಮ್ಮ ಗೆರೆಯಲ್ಲೇ ಬರುತ್ತಿದ್ದಾರಲ್ಲ, ಪಕ್ಕದಿಂದ ಹೋಗುತ್ತಾರೆ ಎಂದುಕೊಂಡೆ. ನಮ್ಮನ್ನು ದಾಟಿ ಮುಂದೆ ಹೋದ ಮೊದಲನೆಯವನು, ದೊಡ್ಡವ್ವನ ಹಿಂದೆ ಬಂದಾಗ ಬೆಲ್ ಹೊಡೆದ. ಮರ್ಯಾದೆಗೇ ಹೊಡೆದದ್ದು. ದೊಡ್ಡವ್ವ ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದಳು. ತಿರುಗಿ ನೋಡದೆ ಅಂಚಿನಾಚೆ ಒಂದು ಹೆಜ್ಜೆ ಇಟ್ಟಳು.

ಅಲ್ಲಿ ಹುಲ್ಲು ಇರಲಿಲ್ಲ.

ಬೆಲ್ ಹೊಡೆದವರ ಹೆಸರು ವಿಶ್ವಪ್ರಿಯ, ಬಳ್ಳಾರಿಯಲ್ಲಿ ಗುಮಾಸ್ತರು. ಅವರಿಗೆ ಈಜು ಬಾರದು. ಏರಿಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ತಮ್ಮ ಸೈಕಲ್ಲನ್ನೇ ಕೆಳಕ್ಕೆ ಇಳಿಬಿಟ್ಟರು. ದೊಡ್ಡವ್ವನಿಗೆ ಮುಂದಿನ ಗಾಲಿ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದಳು. ಗಾಲಿ ತಿರುಗಿತು. ಕೈ ಕೆಳಗೆ ಹೋಯಿತು.

ಆಗ ನಾವು ಏನು ಮಾಡಿದೆವು ಗೊತ್ತೇ? ತಿರುವಿನ ಕಡೆಗೆ ಓಡಿದೆವು. ಕಾಲುವೆಗೆ ಬಿದ್ದದ್ದು ಏನೇ ಇರಲಿ, ಮೆಟ್ಟಿಲ ಹತ್ತಿರ ಬರುತ್ತದೆ, ಅಲ್ಲಿ ಹತ್ತುತ್ತದೆ. ಕರುಗಳು ಹತ್ತಿ ಬಂದಿವೆ. ನಮ್ಮೂರ ಗಾಳೆಪ್ಪ ಕುಡಿದು ಬಿದ್ದು ಎರಡು ಸಲ ಹತ್ತಿ ಬಂದಿದ್ದ, ಎರಡನೇ ಸಲ ಬೀಡಿ ನೆನೆದವೆಂದು ನಮ್ಮನ್ನೇ ಬೈದಿದ್ದ. ಮೆಟ್ಟಿಲು ಕಿತ್ತದ್ದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಏಳೆಂಟು ತಿಂಗಳಿಂದ ಬಟ್ಟೆ ಒಗೆಯಲು ಬೋರಿನ ಹತ್ತಿರ ಹೋಗುತ್ತಿದ್ದೆವು. ಆದರೂ ಓಡಿದೆವು. ಹತ್ತು ಹೆಂಗಸರ ಮೈಮೇಲೆ ಹತ್ತು ಸೀರೆಗಳಿದ್ದವು, ಒಂದನ್ನು ಬಿಚ್ಚಿ ಎಸೆಯುವುದು ಒಬ್ಬರಿಗೂ ಹೊಳೆಯಲಿಲ್ಲ. ತಿರುವಿನಲ್ಲಿ ನಿಂತು ಕೈ ಚಾಚಿದೆವು. ದೊಡ್ಡವ್ವ ಬಂದಳು. ನಮ್ಮನ್ನು ನೋಡಿದಳು. ಅವಳೂ ಅದನ್ನೇ ನಂಬಿದ್ದಳು. ನೀರಿನೊಳಗೆ ಕಾಲು ಆಡಿಸಿ ಮೆಟ್ಟಿಲು ಹುಡುಕಿದಳು. ಆಮೇಲೆ ಮುಂದೆ ಹೋದಳು. ಮಧ್ಯಾಹ್ನ ತೂಬಿನ ಬಾಗಿಲಲ್ಲಿ ಸಿಕ್ಕಳು.

ಮಾರ್ಚ್ ತಿಂಗಳಲ್ಲಿ ನಾನು, ನಮ್ಮ ಗುಂಪಿನ ಈರಮ್ಮ, ಪಕ್ಕೀರಪ್ಪ ತಾತ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಇರಲಿಲ್ಲ. ಅಲ್ಲಿನ ಗುಮಾಸ್ತರು ವರದಿಯ ನಕಲು ಕೊಟ್ಟರು. ನಾನು ಓದಿದೆ. "ಮೃತರು ನಿಷೇಧವನ್ನು ಉಲ್ಲಂಘಿಸಿ ಭಾರ ಹೊತ್ತು ಸಂಚರಿಸುತ್ತಿದ್ದು, ಸ್ವಂತ ಅಜಾಗರೂಕತೆಯಿಂದ ಕಾಲುವೆಗೆ ಬಿದ್ದಿರುತ್ತಾರೆ." ಈರಮ್ಮ ಅದರ ಅರ್ಥ ಕೇಳಿದಳು, ಹೇಳಿದೆ. ಅವಳು ಗುಮಾಸ್ತರನ್ನು ಕೇಳಿದಳು:

"ಯಪ್ಪಾ, ಹೊರಿ ಹೊತ್ತು ನಡದದ್ದು ತಪ್ಪಂತ ಬರ್ದೀರಿ. ಹಂಗಾರ ಸಸಿ ತಾವಾ ನಡಕೊಂತ ಗದ್ದಿಗೆ ಹೋಗ್ಲೇನ್ರಿ?"

"ಬೋರ್ಡ್ ಹಾಕೀವಲ್ಲಮ್ಮ."

"ನಮಗ ಓದಾಕ ಬರಂಗಿಲ್ಲಂತ ಗೊತ್ತಾಗೇ ಗೊಂಬಿ ಬರ್ದೀರಿ. ಗೊಂಬಿ ನೀರಿನ ಕಡಿ ನಡಿ ಅಂತು, ನಡದ್ವಿ. ಬೋರ್ಡ್ ನಡೀಬ್ಯಾಡ ಅಂತು. ಯಾರ ಮಾತು ಕೇಳಬೇಕ್ರಿ?"

"ಅದು ಮ್ಯಾಲಿನವ್ರನ್ನ ಕೇಳ್ರಿ."

ಪಕ್ಕೀರಪ್ಪ ತಾತ ಹಿತ್ತಲಲ್ಲಿ ಬಿದ್ದಿದ್ದ ಹರಿಗೋಲಿನ ಕಡೆ ನೋಡುತ್ತಾ, "ಪುಟ್ಟಿ ಒಂದು ಇದ್ದಿದ್ರ ಆಕಿ ಈಗ ನಿಮ್ಮನ್ನ ಬೈಯಾಕ ಇಲ್ಲೇ ಬರ್ತಿದ್ಲು" ಎಂದ. ಗುಮಾಸ್ತರು ಕುಡಿಯಲು ನೀರು ತರಿಸಿದರು.

ವಿಶ್ವಪ್ರಿಯ ಅವರು ನಮ್ಮ ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತಿದ್ದರು. ಆ ಅಮ್ಮ ಚಿತ್ರ ಇದ್ದ ಕಡೆಯಲ್ಲೇ ನಡೆಯುತ್ತಿದ್ದರೆಂದು ನಿಮ್ಮವರ ಮುಂದೆ ಹೇಳಿ ಸಹಿ ಹಾಕಿದ್ದಾರಂತೆ. ವರದಿಯಲ್ಲಿ ಅವರ ಮಾತಿಲ್ಲ. ಯಾಕಿಲ್ಲ? ಗಾಲಿ ತಿರುಗಿದ್ದು ಯಾಕಿಲ್ಲ? ಮೆಟ್ಟಿಲು ಕಿತ್ತದ್ದು ಯಾಕಿಲ್ಲ? ಸತ್ತವಳ ಅಜಾಗರೂಕತೆಗೆ ಮಾತ್ರ ಜಾಗ ಸಾಕಾಯಿತೇ?

ಕಾಂಕ್ರೀಟಿನ ಮೇಲೆ ಯಾರಾದರೂ ಹತ್ತಿ ಬರಬಹುದಿತ್ತು ಎಂದು ನೀವು ಅನ್ನಬಹುದು. ಈಗ ಕಾಲುವೆ ಒಣಗಿದೆ. ಹೋದ ವಾರ ನಾನು ತಿರುವಿನಲ್ಲಿ ಒಳಗಿಳಿದು ಪರೀಕ್ಷೆ ಮಾಡಿದೆ. ಒಣಗಿದ್ದಾಗ ಕೈಕಾಲು ಊರಿ ಹತ್ತಲು ಬಂತು. ತಳದಲ್ಲಿ ನಿಂತಿದ್ದ ನೀರನ್ನು ಎರಡು ಕೊಡ ತುಂಬಿ ಒಣಪಾಚಿಯ ಮೇಲೆ ಸುರಿದು ಮತ್ತೆ ಹತ್ತಿದೆ. ಆರು ಸಲ ಜಾರಿದೆ. ನನಗೆ ಇಪ್ಪತ್ತೆರಡು ವರ್ಷ, ಮೈಮೇಲೆ ನೆನೆದ ಸೀರೆ ಇರಲಿಲ್ಲ, ಹಿಂದೆ ಸೆಳವು ಇರಲಿಲ್ಲ. ಈರಮ್ಮ ಸೆರಗು ಇಳಿಬಿಟ್ಟು ನನ್ನನ್ನು ಎಳೆದುಕೊಂಡಳು. ನೀವೂ ಒಮ್ಮೆ ಬನ್ನಿ, ಕೊಡ ನಾವೇ ಕೊಡುತ್ತೇವೆ.

ಈ ಪಥವನ್ನು ಕುರುಗೋಡಿನ ಕಡೆಗೂ ಉದ್ದ ಮಾಡುತ್ತೀರೆಂದು ಕೇಳಿದ್ದೇನೆ. ಅದಕ್ಕೇ ಈ ಪತ್ರದ ಒಂದು ನಕಲನ್ನು ಪತ್ರಿಕೆಗೂ ಕಳಿಸಿ, ಒಂದನ್ನು ಸಿರುಗುಪ್ಪದಲ್ಲಿ, ಒಂದನ್ನು ಕುರುಗೋಡಿನಲ್ಲಿ ಜನ ನೋಡುವಲ್ಲಿ ಅಂಟಿಸುತ್ತಿದ್ದೇವೆ. ಸೈಕಲ್ಲಿನವರ ಮೇಲೆ ನಮಗೆ ಸಿಟ್ಟಿಲ್ಲ. ಬರಲಿ, ನೀರು ನೋಡಲಿ. ಹಾದಿ ಎಲ್ಲರಿಗೂ ಸಾಕಾಗುತ್ತಿತ್ತು.

ಕೂಗಬೇಕಾದವಳು ನಾನು, ಕೂಗಲಿಲ್ಲ. ನನ್ನ ಪಾಲಿನ ತಪ್ಪನ್ನು ಊರಿಗೆಲ್ಲ ಕಾಣುವಂತೆ ಬರೆದಿದ್ದೇನೆ. ನಿಮ್ಮ ಪಾಲಿನದನ್ನು ನೀವು ಬರೆಯಿರಿ. ವರದಿಯಲ್ಲಿ ಆ ಒಂದು ವಾಕ್ಯ ಹೊಡೆದುಹಾಕಿ, ನಡೆದದ್ದನ್ನು ಅಲ್ಲಿ ಬರೆಸಿ. ನೀರು ಬಿಡುವ ಮೊದಲು ತಿರುವಿನಲ್ಲಿ ಮೆಟ್ಟಿಲು ಕಟ್ಟಿಸಿ, ಅಲ್ಲಿಂದ ತೂಬಿನವರೆಗೆ ಹಿಡಿದುಕೊಳ್ಳಲು ಸರಪಳಿ ಇಳಿಬಿಡಿಸಿ. ಚಿತ್ರದ ಮನುಷ್ಯನನ್ನು ಹುಲ್ಲಿನ ಕಡೆಗೆ ಬರೆಸಿ, ಅವನ ತಲೆಯ ಮೇಲೆ ಒಂದು ಹೊರೆ ಇಡಿಸಿ. ಬೋರ್ಡ್ ತೆಗೆಸಿ. ಪಕ್ಕೀರಪ್ಪ ತಾತನ ಹರಿಗೋಲನ್ನು ಮರಳಿ ಕೊಡಿ, ಕೋಳಿಗೆ ಬೇರೆ ಬುಟ್ಟಿ ನಾನು ತಂದುಕೊಡುತ್ತೇನೆ.

ಇವತ್ತು ಬೆಳಿಗ್ಗೆ ಸೌದೆ ಹೊತ್ತು ಏರಿಯ ಮೇಲೆ ಬರುತ್ತಿದ್ದೆವು, ಹುಲ್ಲಿನ ಅಂಚಿನಲ್ಲೇ. ನಾನು ಕೊನೆಯವಳು. ಹಿಂದಿನಿಂದ ಯಾರೋ ಹೊಸಬರು ಸೈಕಲ್ ಮೇಲೆ ಬಂದರು. ಅವರ ಮುಖ ನೋಡಿಕೊಂಡೇ "ಗಾಲಿ ಬಂತು" ಎಂದು ಕೂಗಿದೆ. ಮುಂದಿದ್ದ ಈರಮ್ಮ ತಿರುಗಿ ನೋಡಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಳು, ಹುಲ್ಲಿನ ಮೇಲೆ ನಿಂತಳು.

ಇಂತಿ,
ಐದು ತಿಂಗಳು ತಡವಾಗಿ ಕೂಗಿದವಳು,
ಜ್ಯೋತಿಲಕ್ಷ್ಮಿ
ಕರೂರು, ಸಿರುಗುಪ್ಪ ತಾಲೂಕು